ಕಿಡಿಗೆ ಕಾವಲು: ಇಎಸ್‌ಡಿ ತಡೆಯುವ ಬಿಡಿಭಾಗಗಳು ಬದಲಾದ ಬಗೆ

ಫೆಬ್ರವರಿಯ ಒಣಹವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದೆದ್ದು ಬಾಗಿಲ ಚಿಲಕಕ್ಕೆ ಕೈಯಿಟ್ಟರೆ ಬೆರಳತುದಿಗೆ ಚಿಟ್ಟೆಂದು ಹೊಡೆಯುತ್ತದಲ್ಲ, ಆ ಸ್ಥಿರವಿದ್ಯುತ್ತಿನ ಕಿಡಿ (ಇಎಸ್‌ಡಿ) ನಮ್ಮ ಅರಿವಿಗೆ ಬರಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟ್ ಕೂಡಿರಬೇಕು. ಮಾಸ್ ಟ್ರಾನ್ಸಿಸ್ಟರಿನ ಗೇಟಿನಡಿ ಇರುವ ಆಕ್ಸೈಡ್ ಪದರ ಹರಿಯಲು 1960ರ ದಶಕದಲ್ಲೂ ನೂರರ ಆಚೀಚೆ ವೋಲ್ಟ್ ಸಾಕಿತ್ತು. ಅಂದರೆ ನಮಗೆ ಗೊತ್ತೇ ಆಗದ ಕಿಡಿಗೂ ಅದು ಸಾಯುತ್ತಿತ್ತು.

ಆಗಿನ ಉಪಾಯ ಕೈಕೆಲಸದ್ದು. ಕಾಲುಗಳನ್ನೆಲ್ಲ ಒಂದು ಪುಟ್ಟ ಸ್ಪ್ರಿಂಗಿನಿಂದ ಸುತ್ತಿ, ಪರಸ್ಪರ ಶಾರ್ಟ್ ಮಾಡಿ ಟ್ರಾನ್ಸಿಸ್ಟರನ್ನು ಮಾರುತ್ತಿದ್ದರು. ಮೊದಲು ಬೆಸುಗೆ, ಆಮೇಲೆ ಸ್ಪ್ರಿಂಗ್ ಬಿಚ್ಚುವುದು. ಕ್ರಮ ತಪ್ಪಿದರೆ ದುಡ್ಡು ನೀರಲ್ಲಿ ಹೋಮ. ಆಮೇಲೆ ಆರ್‌ಸಿಎ ಕಂಪನಿಯ 40673ರಂಥ ಮಾಸ್‌ಫೆಟ್‌ಗಳಲ್ಲಿ ಗೇಟಿಗೆ ಬೆನ್ನಿಗೆ ಬೆನ್ನು ಕೊಟ್ಟ ಡಯೋಡ್ ಜೋಡಿ ಒಳಗೇ ಬಂತು. ಕಾವಲು ಚಿಪ್ಪಿನೊಳಗೆ ಸೇರಿದ್ದು ಹೀಗೆ.

ಹೊರಗಿನ ಕಾವಲಿನ ಕತೆ ಇನ್ನೂ ಹಳೆಯದು. ಟೆಲಿಫೋನ್ ತಂತಿಗೆ ಸಿಡಿಲಿನಿಂದ ರಕ್ಷಣೆಗಿದ್ದ ಗ್ಯಾಸ್ ಟ್ಯೂಬ್ ಭಾರೀ ಕರೆಂಟ್ ತಡೆದುಕೊಳ್ಳುತ್ತದೆ, ಆದರೆ ನಿಧಾನಿ. ಬೆರಳಿನ ಕಿಡಿ ಒಂದು ನ್ಯಾನೊಸೆಕೆಂಡಿನೊಳಗೆ ತುದಿ ಮುಟ್ಟುತ್ತದೆ. ಟ್ಯೂಬ್ ಎಚ್ಚರಗೊಳ್ಳುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. 1960ರ ದಶಕದ ಕೊನೆಗೆ ಜಪಾನಿನ ಮಾತ್ಸುಶಿತಾ ಕಂಪನಿಯಲ್ಲಿ ಮಿಚಿಯೊ ಮಾತ್ಸುಒಕಾ ಸತುವಿನ ಆಕ್ಸೈಡಿನಿಂದ ವೇರಿಸ್ಟರ್ ರೂಪಿಸಿದರು. ಅದರ ಹರಳುಗಳ ಒಂದೊಂದು ಗಡಿಯೂ ಸುಮಾರು 3 ವೋಲ್ಟಿಗೆ ಬಾಗಿಲು ತೆರೆಯುತ್ತದೆ. ಗಡಿಗಳು ಹೆಚ್ಚಿದಷ್ಟೂ ತಡೆಯುವ ವೋಲ್ಟೇಜ್ ಹೆಚ್ಚು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘ಸರ್ಜ್‌ಗೆ ಏನಾದರೂ ಕೊಡಿ’ ಎಂದರೆ ಇಂದಿಗೂ ಕೈಗೆ ಬರುವುದು ಇದೇ ನೀಲಿ ಬಿಲ್ಲೆ. ಮೇಲೆ 14ಡಿ471ಕೆ ಎಂದಿದ್ದರೆ 14 ಮಿಲಿಮೀಟರ್ ವ್ಯಾಸ, 470 ವೋಲ್ಟ್. ಮನೆಯ ಕರೆಂಟಿಗೆ ಒಳ್ಳೆಯ ಮಾಲು. ಅದನ್ನೇ ಯುಎಸ್‌ಬಿ ತಂತಿಗೆ ಹಾಕುವುದೆಂದರೆ ಇಲಿ ಹಿಡಿಯಲು ಆನೆಯ ಖೆಡ್ಡಾ ತೋಡಿದಂತೆ.

ಕಿಡಿಗೆ ತಕ್ಕ ಮದ್ದೆಂದರೆ ಟಿವಿಎಸ್ (ಟ್ರಾನ್ಸಿಯಂಟ್ ವೋಲ್ಟೇಜ್ ಸಪ್ರೆಸರ್) ಡಯೋಡ್. ಜೀನರ್ ಡಯೋಡಿನ ವಂಶದ್ದೇ, ಆದರೆ ಕ್ಷಣಕಾಲದ ಭಾರೀ ಕರೆಂಟ್ ಹೊರಲು ಜಂಕ್ಷನ್ ಅಗಲ ಮಾಡಿದ್ದು. ಈ ಅಗಲವೇ ಮುಂದೆ ತಲೆನೋವಾಯಿತು. ಅಗಲ ಹೆಚ್ಚಿದರೆ ಕೆಪ್ಯಾಸಿಟನ್ಸ್ ಹೆಚ್ಚು. ಸೆಕೆಂಡಿಗೆ 480 ಮೆಗಾಬಿಟ್ ಓಡುವ ಯುಎಸ್‌ಬಿ 2.0 ಬಂದಾಗ ನೂರಾರು ಪಿಕೊಫ್ಯಾರಡ್ಡಿನ ಕಾವಲುಗಾರ ಕಳ್ಳನ ಜೊತೆ ಮನೆಯವರನ್ನೂ ತಡೆಯತೊಡಗಿದ. ಅದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ: ಪ್ರತಿ ತಂತಿಗೂ ಎರಡು ಪುಟಾಣಿ ಡಯೋಡ್, ಅವೆಲ್ಲ ಕಿಡಿಯನ್ನು ತಂದು ಸುರಿಯಲು ನಡುವೆ ಒಂದೇ ದೊಡ್ಡ ಟಿವಿಎಸ್. ತಂತಿಗೆ ಕಾಣುವುದು ಪುಟಾಣಿಗಳ ಭಾರ ಮಾತ್ರ. 2008ರಲ್ಲಿ ಯುಎಸ್‌ಬಿ 3.0 ಬಂದ ಮೇಲಂತೂ ಅರ್ಧ ಪಿಕೊಫ್ಯಾರಡ್ ಕೂಡ ಹೆಚ್ಚೆನಿಸತೊಡಗಿತು.

ನಂತರದ್ದು ಸ್ನ್ಯಾಪ್‌ಬ್ಯಾಕ್ ಜಾತಿ. ಒಮ್ಮೆ ತೆರೆದರೆ ವೋಲ್ಟೇಜ್ ಧೊಪ್ಪನೆ ಕುಸಿಯುತ್ತದೆ, ಚಿಪ್ಪಿಗೆ ನಿರಾಳ. ಸಪ್ಲೈ ಲೈನಿಗೆ ಮಾತ್ರ ಇದು ಬೇಡ: ಕುಸಿದ ವೋಲ್ಟೇಜ್ ಸಪ್ಲೈಗಿಂತ ಕೆಳಗಿದ್ದರೆ ಕಿಡಿ ಹೋದರೂ ಬಾಗಿಲು ಮುಚ್ಚುವುದಿಲ್ಲ, ಡಯೋಡ್ ಸುಟ್ಟು ಕರಿಯಾಗುತ್ತದೆ.

ಆಯ್ಕೆಯಲ್ಲಿ ಬಹಳ ಮಂದಿ ಎಡವುವುದು ಕಿಲೋವೋಲ್ಟಿನ ಲೆಕ್ಕದಲ್ಲಿ. ಚಿಪ್ಪಿನ ಡೇಟಾಶೀಟ್ 2 ಕಿಲೋವೋಲ್ಟ್ ಎನ್ನುವುದು ಮಾನವದೇಹ ಮಾದರಿಯ ಮಾತು: 100 ಪಿಕೊಫ್ಯಾರಡ್, 1,500 ಓಮ್, ತುದಿ ಕರೆಂಟ್ 1.3 ಆಂಪಿಯರಿನಷ್ಟು. ಸಿದ್ಧ ಉಪಕರಣಕ್ಕೆ ಹಚ್ಚುವ ಐಇಸಿ 61000-4-2 ಪರೀಕ್ಷೆಯಲ್ಲಿ 150 ಪಿಕೊಫ್ಯಾರಡ್, 330 ಓಮ್. 8 ಕಿಲೋವೋಲ್ಟಿಗೆ 30 ಆಂಪಿಯರ್. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಸಾಲದ್ದಕ್ಕೆ 2007ರಿಂದ ಚಿಪ್ ತಯಾರಕರು ತಮ್ಮ ಗುರಿಯನ್ನು 2ರಿಂದ 1 ಕಿಲೋವೋಲ್ಟಿಗೆ ಇಳಿಸುವ ವಾದ ಮುಂದಿಟ್ಟರು. ಉಳಿದ ಹೊರೆ ಬೋರ್ಡ್ ಮಾಡುವವನ ತಲೆಗೆ.

ಹಾಗಾಗಿ ಡೇಟಾಶೀಟಿನ ಮೊದಲ ಪುಟದ ‘±30 ಕಿಲೋವೋಲ್ಟ್’ ನಾನು ಕೊನೆಗೆ ನೋಡುವ ಅಂಕಿ. ಅದು ಕಾವಲುಗಾರ ಬದುಕುಳಿಯುತ್ತಾನೆಂದು ಹೇಳುತ್ತದೆ, ಮನೆ ಉಳಿಯುತ್ತದೆಂದಲ್ಲ. ಬೇಕಾದ್ದು 16 ಆಂಪಿಯರಿನಲ್ಲಿ ಅದು ಎಷ್ಟು ವೋಲ್ಟಿಗೆ ಹಿಡಿದು ನಿಲ್ಲಿಸುತ್ತದೆ ಎಂಬುದು. 1985ರಲ್ಲಿ ಸಂಶೋಧಕರಾದ ಮಲೋನಿ ಮತ್ತು ಖುರಾನಾ ತೋರಿಸಿದ ಟಿಎಲ್‌ಪಿ (ಟ್ರಾನ್ಸ್‌ಮಿಷನ್ ಲೈನ್ ಪಲ್ಸ್) ವಿಧಾನದಿಂದ ಅಳೆದ ಕರೆಂಟ್-ವೋಲ್ಟೇಜ್ ಗೆರೆ ಈಗ ಒಳ್ಳೆಯ ಡೇಟಾಶೀಟುಗಳಲ್ಲಿ ಇರುತ್ತದೆ.

ಆದರೂ ಜಾಗ ತಪ್ಪಿದರೆ ಎಲ್ಲ ವ್ಯರ್ಥ. ಒಮ್ಮೆ ನನ್ನದೇ ಬೋರ್ಡಿನಲ್ಲಿ, ಖಾಲಿ ಜಾಗ ಸಿಕ್ಕಿತೆಂದು ಟಿವಿಎಸ್ಸನ್ನು ಕನೆಕ್ಟರಿನಿಂದ ದೂರವಿಟ್ಟು, ಗ್ರೌಂಡಿಗೆ ಒಂದು ಸೆಂಟಿಮೀಟರ್ ಸಪೂರ ಟ್ರೇಸ್ ಎಳೆದಿದ್ದೆ. ಮಿಲಿಮೀಟರಿಗೆ ಹೆಚ್ಚುಕಡಿಮೆ ಒಂದು ನ್ಯಾನೊಹೆನ್ರಿ; ಒಂದು ನ್ಯಾನೊಸೆಕೆಂಡಿನಲ್ಲಿ 30 ಆಂಪಿಯರ್ ಏರಿದರೆ ಆ ಸೆಂಟಿಮೀಟರೊಂದೇ 300 ವೋಲ್ಟ್ ಹುಟ್ಟಿಸುತ್ತದೆ. ಮೂರು ಬೋರ್ಡ್ ಸತ್ತವು. ಅದೇ ಡಯೋಡನ್ನು ಕನೆಕ್ಟರಿನ ಬುಡಕ್ಕೆ ತಂದು, ಪ್ಯಾಡಿನ ಪಕ್ಕದಲ್ಲೇ ಗ್ರೌಂಡಿಗೆ ಎರಡು ವಯಾ ಇಳಿಸಿದೆ. ನಾಲ್ಕನೆಯದು 8 ಕಿಲೋವೋಲ್ಟಿನ ಹೊಡೆತ ತಿಂದೂ ಎಲ್‌ಇಡಿ ಮಿಣುಕಿಸುತ್ತ ಕೂತಿತ್ತು.