ಹಾಡುತ್ತಿದ್ದವರು ಬರೆಯಲು ಕೂತಾಗ

ನಮ್ಮ ಕೇರಿಗಳಿಗೆ ಹಾಡು ಹೊಸದಲ್ಲ, ಕಥೆಯೂ ಹೊಸದಲ್ಲ. ಮಂಟೇಸ್ವಾಮಿಯ ಕಥೆಯನ್ನು ಬೆಳಗಿನ ಜಾವದವರೆಗೆ ಹಾಡುವ ನೀಲಗಾರರು, ಮಾದಪ್ಪನ ಮಹಿಮೆಯನ್ನು ಕಂಸಾಳೆ ಬಡಿದು ಹೇಳುವ ದೇವರಗುಡ್ಡರು ಯಾವ ಕಾಲೇಜಿನ ಮೆಟ್ಟಿಲು ಹತ್ತಿದವರು? ಸಾವಿರಾರು ಸಾಲು ಅವರ ನಾಲಗೆ ತುದಿಯಲ್ಲಿವೆ. ನಾಟಿ ಹಾಕುವ, ರಾಗಿ ಬೀಸುವ ನಮ್ಮವ್ವಂದಿರ ಬಾಯಲ್ಲಿ ಪದ ಬತ್ತಿದ್ದೇ ಇಲ್ಲ. ಹಾಗಿದ್ದೂ ಕನ್ನಡ ಸಾಹಿತ್ಯ ಚರಿತ್ರೆ ಅಂತ ದಪ್ಪ ಪುಸ್ತಕ ಬಿಚ್ಚಿದರೆ, ಪುಟ ಪುಟ ಮಗುಚಿದರೂ ನಮ್ಮವರ ಹೆಸರು ಅಪರೂಪಕ್ಕೊಂದು ಸಿಕ್ಕರೆ ಸಿಕ್ಕಿತು. ಯಾಕೆ? ನಮ್ಮವರಿಗೆ ಪ್ರತಿಭೆ ಇರಲಿಲ್ಲವೆ?

ಪ್ರತಿಭೆ ಇತ್ತು. ಅಕ್ಷರ ಇರಲಿಲ್ಲ, ಕಾಗದ ಇರಲಿಲ್ಲ, ಅಚ್ಚಿನ ಮೊಳೆ ಇರಲಿಲ್ಲ. ಮೈಮುರಿ ದುಡಿದು ಬಂದವನಿಗೆ ಕೂತು ಬರೆಯಲು ಒಂದು ಮೂಲೆ, ಒಂದು ದೀಪ ಇರಲಿಲ್ಲ.

ಇದನ್ನು ಈಗ ಹೇಳಲು ಕಾರಣ ಉಂಟು. ಹಳ್ಳಿಗಳಿಂದ ಬರುವ ತಮ್ಮಂದಿರು, ತಂಗಿಯರು ಕೇಳುತ್ತಾರೆ: 'ಬರೀಬೇಕು ಅನ್ನಿಸ್ತದೆ, ಆದ್ರೆ ನಮ್ಮ ಭಾಷೆ ಶುದ್ಧ ಇಲ್ಲ. ನಮ್ದನ್ನ ಯಾರು ಅಚ್ಚು ಹಾಕ್ತಾರೆ?' ಈ ಪ್ರಶ್ನೆಗೆ ಪಂಡಿತರ ಬಳಿ ಸಿದ್ಧ ಉತ್ತರವಿದೆ. ಪಂಪನನ್ನು ಓದಿ, ಛಂದಸ್ಸು ಕಲಿಯಿರಿ, ಹತ್ತು ವರ್ಷ ಕಾಯಿರಿ ಅನ್ನುತ್ತಾರೆ. ಓದುವುದು ಬೇಡ ಅಂತ ನಾವು ಹೇಳೆವು. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಕಂಡ ನಾವು ಓದಿಗೆ ಬೆನ್ನು ತೋರಿಸುವುದಾದರೂ ಹೇಗೆ? ಆದರೆ ಆ ಉತ್ತರದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಬರೆಯಲು ಬಿಡದ ಸಮಾಜದಲ್ಲಿ ನಮ್ಮವರು ಹೇಗೆ ಬರೆದರು, ಯಾವ ಬಾಗಿಲಿನಿಂದ ಒಳಗೆ ಬಂದರು? ಆ ಚರಿತ್ರೆ ತಿಳಿದರೆ ಅರ್ಧ ಭಯ ಹೋಗುತ್ತದೆ.

ಹನ್ನೆರಡನೆಯ ಶತಮಾನಕ್ಕೆ ಹೋಗೋಣ. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಕಸ ಗುಡಿಸುವ ಸತ್ಯಕ್ಕ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ. ಇವರೆಲ್ಲ ಚರ್ಮ ಹದ ಮಾಡುವ, ಚಪ್ಪಲಿ ಹೊಲಿಯುವ, ದೋಣಿ ನಡೆಸುವ ಕೈಗಳ ಜನ. ತಮ್ಮ ಕಸುಬಿನ ಮಾತನ್ನೇ ಮಾತಾಗಿ ಆಡಿದರು. ಉಳಿ, ರಂಪಿಗೆ, ಹುಟ್ಟು, ಕಸಪೊರಕೆ ಕನ್ನಡದ ಪದಗಳಾಗಿ ಸಾಹಿತ್ಯಕ್ಕೆ ಬಂದದ್ದು ಇಂಥವರ ದುಡಿಮೆಯಿಂದ. ಅವರಿಗೆ ಇದು ಸಾಧ್ಯವಾದದ್ದು ಕಲ್ಯಾಣದಲ್ಲಿ ಕೇಳುವ ಕಿವಿಗಳ ಒಂದು ಕೂಟ ಇದ್ದುದರಿಂದ. ಒಬ್ಬ ಮಾದಾರ ಮಾತಾಡಿದರೆ ಅದಕ್ಕೆ ಎದುರು ಮಾತು ಹೇಳುವ, ತಲೆದೂಗುವ, ಜಗಳಕ್ಕೆ ಬರುವ ಜನ ಅಲ್ಲಿದ್ದರು. ಆ ಕೂಟ ಚೆದುರಿದ ಮೇಲೆ ಏನಾಯಿತು? ಓಲೆಗರಿಗಳು ಮಠಗಳ, ಮನೆಗಳ ಅಟ್ಟ ಸೇರಿದವು. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು ಆ ಗರಿಗಳನ್ನು ಕೂಡಿಸಿ, 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದದ್ದು 1923ರಲ್ಲಿ. ವಚನಗಳನ್ನು ಅಚ್ಚು ಮಾಡಿಸುವುದಕ್ಕಾಗಿ ಇದ್ದ ಮನೆಯನ್ನೂ ಮಾರಿ ಮುದ್ರಣಾಲಯ ಹಾಕಿದರು. ಹಾಡಿದವನೊಬ್ಬನಿಂದಲೇ ಸಾಹಿತ್ಯ ಉಳಿಯುವುದಿಲ್ಲ. ನಕಲು ಮಾಡುವವನು, ಅಚ್ಚು ಹಾಕುವವನು, ಜೋಪಾನ ಮಾಡುವವನೂ ಬೇಕು.

ಇನ್ನು ಮಹಾರಾಷ್ಟ್ರ. 1848ರಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಆ ದಂಪತಿಗಳ ಶಾಲೆಯಲ್ಲಿ ಕಲಿತ ಒಬ್ಬ ಹುಡುಗಿ ಮುಕ್ತಾ ಸಾಳ್ವೆ. ಮಾಂಗ್ ಜಾತಿಯವಳು, ವಯಸ್ಸು ಹದಿನಾಲ್ಕರ ಆಸುಪಾಸು. ಮಾಂಗ್ ಮತ್ತು ಮಹಾರರ ದುಃಖವನ್ನು ಕುರಿತು ಅವಳು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದುವ ಹಕ್ಕು ನಮಗಿಲ್ಲ ಅನ್ನುವುದಾದರೆ ನಮ್ಮ ಧರ್ಮ ಯಾವುದು ಅಂತ ಆ ಹುಡುಗಿ ನೇರ ಕೇಳಿದಳು. ಸೂರಿಲ್ಲದ ಮನೆಯಲ್ಲಿ ಹೆರುವ ಹೆಂಗಸು ಮಳೆ ಚಳಿಯಲ್ಲಿ ಪಡುವ ಪಾಡನ್ನು ಬರೆದಳು. ಕೊನೆಗೆ ತನ್ನ ಜನಕ್ಕೆ ಓದಿ ಅಂತ ಹೇಳಿದಳು.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲೋಣ. ಆ ಹುಡುಗಿಗೆ ಶಾಲೆ ಸಿಕ್ಕು ಕೆಲವೇ ವರ್ಷವಾಗಿತ್ತು. ಅವಳ ಮುಂದೆ ಮಾದರಿಯಾಗಿ ತನ್ನ ಜಾತಿಯ ಒಬ್ಬ ಲೇಖಕಿಯೂ ಇರಲಿಲ್ಲ. ಕಂಡದ್ದನ್ನು ಬರೆದಳು, ಕಾಡಿದ್ದನ್ನು ಕೇಳಿದಳು. ನೂರ ಎಪ್ಪತ್ತು ವರ್ಷ ಕಳೆದರೂ ಆ ಪ್ರಶ್ನೆಗೆ ಉತ್ತರ ಕೊಟ್ಟವರಿಲ್ಲ. 'ನಮಗೇನು ಬರೆಯಲು ಇದೆ' ಅನ್ನುವ ಹೈಸ್ಕೂಲು ಮಕ್ಕಳಿಗೆ ಮೇಷ್ಟ್ರುಗಳು ಈ ಹುಡುಗಿಯ ಕಥೆ ಹೇಳಬೇಕು. ಅವಳ ಹಿಂದೆ ಒಂದು ಶಾಲೆ ಇತ್ತು, ಮುಂದೆ ಒಂದು ಪತ್ರಿಕೆ ಇತ್ತು ಅನ್ನುವುದನ್ನೂ ಹೇಳಬೇಕು.

1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಪಾಕ್ಷಿಕ ಹೊರಡಿಸಿದಾಗ ಅವರಿಗೆ 28 ವರ್ಷ. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು. ಮೂಕನಾಯಕ ಬಹುಕಾಲ ನಡೆಯಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ' ಬಂತು, 1930ರಲ್ಲಿ 'ಜನತಾ', 1956ರಲ್ಲಿ 'ಪ್ರಬುದ್ಧ ಭಾರತ'. ಒಂದು ನಿಂತರೆ ಇನ್ನೊಂದು. ಪತ್ರಿಕೆ ನಿಂತದ್ದನ್ನು ಸೋಲು ಅಂತ ತಿಳಿಯುವವರಿಗೆ ಇದು ಪಾಠ. ಬಾಬಾಸಾಹೇಬರು ಶಾಲೆ ಕಾಲೇಜುಗಳನ್ನೂ ಕಟ್ಟಿದರು. 1946ರಲ್ಲಿ ಮುಂಬಯಿಯಲ್ಲಿ ತೆರೆದ ಸಿದ್ಧಾರ್ಥ ಕಾಲೇಜಿನಲ್ಲಿ ದುಡಿಯುವ ಹುಡುಗರಿಗಾಗಿ ಬೆಳಗಿನ ತರಗತಿ ನಡೆಯುತ್ತಿತ್ತು. 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ಶುರುವಾಯಿತು. ಅಲ್ಲಿ ಪಾಠ ಹೇಳುತ್ತಿದ್ದ ಗಂಗಾಧರ ಪಾನತಾವಣೆ 1960ರ ದಶಕದ ಕೊನೆಯಲ್ಲಿ ಕಟ್ಟಿದ 'ಅಸ್ಮಿತಾದರ್ಶ' ಪತ್ರಿಕೆ ಮರಾಠಿಯ ಒಂದು ತಲೆಮಾರಿನ ದಲಿತ ಬರಹಗಾರರಿಗೆ ಜಗಲಿಯಾಯಿತು.

ಶಾಲೆಯ ನೆರಳು ಹೆಚ್ಚು ಕಾಣದವರೂ ಬರೆದರು. ಮುಂಬಯಿಯ ಗಿರಣಿಯಲ್ಲಿ ದುಡಿದ ಅಣ್ಣಾಭಾವು ಸಾಠೆ ಲಾವಣಿ, ಪೋವಾಡ ಕಟ್ಟಿ ಕಾರ್ಮಿಕರ ನಡುವೆ ಹಾಡುತ್ತ ಕಾದಂಬರಿಗೆ ಬಂದವರು. 1959ರ 'ಫಕೀರಾ' ಕಾದಂಬರಿಯನ್ನು ಅವರು ಬಾಬಾಸಾಹೇಬರ ಲೇಖನಿಗೆ ಅರ್ಪಿಸಿದರು. 1958ರಲ್ಲಿ ಮುಂಬಯಿಯಲ್ಲಿ ನಡೆದ ದಲಿತ ಸಾಹಿತ್ಯ ಸಮ್ಮೇಳನವನ್ನು ಉದ್ಘಾಟಿಸಿದವರೂ ಅವರೇ. 1963ರಲ್ಲಿ ಬಾಬುರಾವ್ ಬಾಗುಲರ ಕಥೆಗಳು ಬಂದವು. 1972ರಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅದೇ ವರ್ಷ ನಾಮದೇವ ಢಸಾಳರ 'ಗೋಲಪೀಠಾ' ಬಂತು. ಸೂಳೆಗೇರಿಯ, ಗಟಾರದ, ಹಸಿವಿನ ಮರಾಠಿ ಮೊದಲ ಬಾರಿಗೆ ಕಾವ್ಯದ ನಡುಮನೆಯಲ್ಲಿ ಕಾಲು ಚಾಚಿ ಕೂತಿತು.

ನಮ್ಮ ನಾಡಿನ ಮಾತಿಗೆ ಬರೋಣ. ನಾವು ಹುಟ್ಟುವುದಕ್ಕೆ ಎಷ್ಟೋ ಮೊದಲು, 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಒಂದು ಮಾತು ಸಿಡಿಯಿತು. ದೇವರಾಜ ಅರಸು ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಬೂಸಾ ಅಂದರೆ ದನಕ್ಕೆ ಹಾಕುವ ತೌಡು, ಹೊಟ್ಟು. ಹೊಟ್ಟೆಗೆ ಹಾಕುವ ಕಾಳು ಅದರಲ್ಲಿ ಎಷ್ಟಿದೆ ಅಂತ ಕೇಳಿದ್ದೇ ತಡ, ನಾಡಿನಲ್ಲಿ ಬೆಂಕಿ ಬಿತ್ತು. ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರ ಮೇಲೆ ಕೈ ಮಾಡಿದರು. ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಸಾಹಿತ್ಯದ ಬಗ್ಗೆ ಒಬ್ಬ ದಲಿತ ಅಭಿಪ್ರಾಯ ಹೇಳಿದರೆ ತೆರಬೇಕಾದ ಬೆಲೆ ಅಷ್ಟು!

ಆದರೆ ಹೊಡೆತ ತಿಂದ ಹಾಸ್ಟೆಲುಗಳೇ ಮುಂದೆ ಕವಿಗಳನ್ನು ಕೊಟ್ಟವು. ಹಾಸ್ಟೆಲು ಅಂದರೆ ಬರೀ ಅನ್ನ ಮತ್ತು ಚಾಪೆ ಅಂತ ತಿಳಿದವರಿಗೆ ಚರಿತ್ರೆ ತಿಳಿಯದು. ಊರಿನಲ್ಲಿ ಒಬ್ಬಂಟಿಯಾಗಿ ಅವಮಾನ ನುಂಗಿದ ಹುಡುಗ ಅಲ್ಲಿ ತನ್ನಂಥ ಐವತ್ತು ಮಂದಿಯನ್ನು ಕಾಣುತ್ತಾನೆ. ನನಗೆ ಆದದ್ದು ನನ್ನೊಬ್ಬನ ಹಣೆಬರಹವಲ್ಲ ಅಂತ ತಿಳಿಯುತ್ತದೆ. ಆ ತಿಳುವಳಿಕೆಯೇ ಮೊದಲ ಕವಿತೆ. ಬೂಸಾ ಗಲಾಟೆಯ ಬೆನ್ನಿಗೇ ಬಿ. ಕೃಷ್ಣಪ್ಪನವರಂಥವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಮೈಸೂರಿನಿಂದ 'ಪಂಚಮ' ಬಂತು. ಬೆಂಗಳೂರಿನಲ್ಲಿ 'ಶೂದ್ರ' ಇತ್ತು, ಧಾರವಾಡದಲ್ಲಿ 'ಸಂಕ್ರಮಣ' ಮೊದಲಿನಿಂದಲೂ ಇತ್ತು. ಇವು ಕೆಲವೇ ನೂರು ಪ್ರತಿ ಅಚ್ಚಾಗಿ ಕೈಯಿಂದ ಕೈಗೆ ಹೋಗುವ ಬಗೆಯ ಪತ್ರಿಕೆಗಳು.

1973ರಲ್ಲಿ ದೇವನೂರ ಮಹಾದೇವ ಅವರ 'ದ್ಯಾವನೂರು' ಬಂತು. ನಂಜನಗೂಡು ಸೀಮೆಯ ಕೇರಿಯ ಮಾತು, ಅದೇ ಎಳೆತ, ಅದೇ ಲಯ. ಗ್ರಾಮ್ಯ ಅಂತ ಮೂಗು ಮುರಿದವರು ಮುರಿದರು. 1984ರ 'ಕುಸುಮಬಾಲೆ' ಬಂದಾಗ ಅರ್ಥವೇ ಆಗೋದಿಲ್ಲ ಅಂದವರೂ ಇದ್ದರು. 1990ರಲ್ಲಿ ಅದೇ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1975ರಲ್ಲಿ ಮಾಗಡಿ ಸೀಮೆಯ ಮಂಚನಬೆಲೆಯ ಸಿದ್ಧಲಿಂಗಯ್ಯ 'ಹೊಲೆಮಾದಿಗರ ಹಾಡು' ತಂದರು. ಆಗ ಅವರಿಗೆ 21 ವರ್ಷ. ಪುಸ್ತಕ ಓದಲು ಬಾರದವರೂ ಆ ಹಾಡುಗಳನ್ನು ಮೆರವಣಿಗೆಯಲ್ಲಿ, ಧರಣಿಯಲ್ಲಿ ಹಾಡಿದರು. ಬೈಗುಳವಾಗಿದ್ದ ಜಾತಿಯ ಹೆಸರನ್ನು ಪುಸ್ತಕದ ಹೆಸರಾಗಿ ಮುಖಪುಟದ ಮೇಲೆ ಅಚ್ಚು ಹಾಕಿಸಿದ್ದೇ ಒಂದು ಹೋರಾಟ. 2021ರಲ್ಲಿ ಕೊರೊನಾ ಅವರನ್ನು ಕಿತ್ತುಕೊಂಡಿತು. ಹಾಡನ್ನು ಕಿತ್ತುಕೊಳ್ಳಲು ಅದಕ್ಕೆ ಆಗಲಿಲ್ಲ.

1979ರಲ್ಲಿ ಧರ್ಮಸ್ಥಳದಲ್ಲಿ ಸಾಹಿತ್ಯ ಸಮ್ಮೇಳನ. ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಇಡಿ ಅಂತ ಚೆನ್ನಣ್ಣ ವಾಲೀಕಾರರು ಕೇಳಿದರು. ಸಾಹಿತ್ಯದಲ್ಲಿ ಅಂಥ ಭೇದ ಇಲ್ಲ ಅಂತ ಕಾರಣ ಕೊಟ್ಟು ಪರಿಷತ್ತು ನಿರಾಕರಿಸಿತು. ಊರಲ್ಲಿ ಭೇದ, ಬಾವಿಯಲ್ಲಿ ಭೇದ, ಗುಡಿಯಲ್ಲಿ ಭೇದ, ಗೋಷ್ಠಿ ಕೇಳಿದಾಗ ಮಾತ್ರ ಭೇದ ಇಲ್ಲ! ಬರಹಗಾರರು ಅರ್ಜಿ ಹಿಡಿದು ಮತ್ತೆ ಬಾಗಿಲಿಗೆ ಹೋಗಲಿಲ್ಲ. ಅದೇ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ದಲಿತರು, ಹಿಂದುಳಿದವರು, ಮುಸ್ಲಿಮರು, ಹೆಣ್ಣುಮಕ್ಕಳು, ಎಡಪಂಥದ ಗೆಳೆಯರು ಒಂದೇ ಚಪ್ಪರದಡಿ ಬಂದರು. ಜಾಗ ಕೊಡದಿದ್ದರೆ ಜಾಗ ಮಾಡಿಕೊಳ್ಳಬೇಕು ಅನ್ನುವುದು ಅಲ್ಲಿಂದ ನಮಗೆ ಬಂದ ಬಳುವಳಿ.

ಹೆಣ್ಣುಮಕ್ಕಳ ದಾರಿ ಇನ್ನೂ ಕಡಿದಾಗಿತ್ತು. ಕಲಬುರ್ಗಿಯ ಗಿರಣಿ ಕಾರ್ಮಿಕನ ಮಗಳು ಗೀತಾ ನಾಗಭೂಷಣ ಬರೆದ 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸು ಅವರು. ಕಾಸರಗೋಡಿನ ಸಾರಾ ಅಬೂಬಕ್ಕರ್ ನಲವತ್ತು ದಾಟಿದ ಮೇಲೆ, ಮಕ್ಕಳನ್ನು ಬೆಳೆಸಿದ ಮೇಲೆ ಬರೆಯಲು ಕೂತರು. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ಅವರಿಗೆ ಪುಟ ಕೊಟ್ಟಿತು. 'ಚಂದ್ರಗಿರಿಯ ತೀರದಲ್ಲಿ' ಅದರಲ್ಲೇ ಧಾರಾವಾಹಿಯಾಗಿ ಬಂತು. ಅದೇ ಪತ್ರಿಕೆಯಲ್ಲಿ ಬರೆಯುತ್ತಿದ್ದ, ಬಂಡಾಯದ ಅಂಗಳದಲ್ಲಿ ಬೆಳೆದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆದವು. ಬೀದಿಯ ಚಳವಳಿಯಲ್ಲಿ ಹುಟ್ಟಿದ ಕಥೆಗೆ ಆಯಸ್ಸಿಲ್ಲ, ಅದು ಬರೀ ಘೋಷಣೆ ಅಂತ ಹೇಳುತ್ತಿದ್ದವರು ಈಗ ಏನು ಹೇಳುತ್ತಾರೆ? ಹಾಗೇ ನಮ್ಮ ವೇದಿಕೆಗಳನ್ನೂ ಒಂದು ಮಾತು ಕೇಳಬೇಕು. ಕವಿಗೋಷ್ಠಿಯಲ್ಲಿ ಕೇರಿಯ ಹೆಣ್ಣುಮಕ್ಕಳು ಎಷ್ಟು ಮಂದಿ? ಸಭೆ ಮುಗಿದು ರಾತ್ರಿ ಬಸ್ಸು ತಪ್ಪಿದರೆ ಅವರಿಗೆ ತಂಗಲು ಜಾಗ ಗೊತ್ತು ಮಾಡಿದವರು ಯಾರು?

ಈ ಚರಿತ್ರೆಯಿಂದ ಹೊಸದಾಗಿ ಬರೆಯುವ ಗೆಳೆಯರು ತೆಗೆದುಕೊಳ್ಳಬೇಕಾದ್ದು ಏನು?

ಭಾಷೆಗೆ ಹೆದರಬೇಡಿ. ನಿಮ್ಮವ್ವನ ಬಾಯಲ್ಲಿರುವುದು ಶುದ್ಧ ಕನ್ನಡವೇ. ಆದರೆ ಕೇರಿಯ ಮಾತು ಬಳಸಿದ ಮಾತ್ರಕ್ಕೆ ಕವಿತೆ ಆಗುವುದಿಲ್ಲ. ಬೈಗುಳ ಪೋಣಿಸಿದರೆ ಬಂಡಾಯವಲ್ಲ. ಮುಕ್ತಾ ಸಾಳ್ವೆ ಕಿರುಚಲಿಲ್ಲ, ಹೆರುವ ಹೆಂಗಸಿನ ತಲೆ ಮೇಲೆ ಸೂರಿಲ್ಲ ಅಂತ ತೋರಿಸಿದಳು. ನೀವೂ ತೋರಿಸಿ. ಚರ್ಮ ಹದ ಮಾಡುವವನು ಎಷ್ಟು ಸಲ ಉಜ್ಜುತ್ತಾನೋ ಅಷ್ಟು ಸಲ ಸಾಲನ್ನು ತಿದ್ದಿ.

ಒಬ್ಬರೇ ಕೂತು ಕೊರಗಬೇಡಿ. ನಾಲ್ಕು ಜನ ಸೇರಿ. ತಿಂಗಳಿಗೊಮ್ಮೆ ಹಾಸ್ಟೆಲಿನ ಕೋಣೆಯಲ್ಲೋ, ಶಾಲೆಯ ಜಗಲಿಯಲ್ಲೋ ಬರೆದದ್ದನ್ನು ಗಟ್ಟಿಯಾಗಿ ಓದಿ. ಬರೆದವನ ಮುಖ ನೋಡದೆ ಬರಹವನ್ನು ಬೈಯುವ ಗೆಳೆಯ ಸಿಕ್ಕರೆ ಕೈ ಬಿಡಬೇಡಿ. ಪತ್ರಿಕೆಯವರು ವಾಪಸು ಕಳಿಸಿದರೆ ಇನ್ನೊಂದಕ್ಕೆ ಕಳಿಸಿ. ಎಲ್ಲರೂ ವಾಪಸು ಕಳಿಸಿದರೆ ನೀವೇ ಒಂದು ಪತ್ರಿಕೆ ಮಾಡಿ. ಮೊದಲು ಕೈಬರಹದ್ದಾದರೂ ಸರಿ, ಗೋಡೆಗೆ ಅಂಟಿಸಿದ್ದಾದರೂ ಸರಿ.

ಸರ್ಕಾರದ ದುಡ್ಡು ನಮ್ಮ ದುಡ್ಡು, ಕೇಳಲು ಸಂಕೋಚ ಬೇಡ. ಯುವ ಬರಹಗಾರರ ಚೊಚ್ಚಲ ಕೃತಿಯ ಪ್ರಕಟಣೆಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಪ್ರಕಟಣೆ ಹೊರಟಾಗ ಕಣ್ಣಿಟ್ಟು ಅರ್ಜಿ ಹಾಕಿ. 35 ವರ್ಷದೊಳಗಿನ ಲೇಖಕರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಯುವ ಪುರಸ್ಕಾರ ಕೊಡುತ್ತಿದೆ. ಹಿಂದೆ ಹಳ್ಳಿಯ ಹುಡುಗ ಒಂದು ಪುಸ್ತಕಕ್ಕಾಗಿ ಹತ್ತು ಮೈಲಿ ನಡೆಯಬೇಕಿತ್ತು; ಈಗ ಗ್ರಾಮ ಪಂಚಾಯಿತಿಯ ಗ್ರಂಥಾಲಯ 'ಅರಿವು ಕೇಂದ್ರ' ಅಂತ ಹೆಸರು ಹೊತ್ತಿದೆ. ಅಲ್ಲಿ ಫುಲೆ, ಅಂಬೇಡ್ಕರ್, ದೇವನೂರು ಇದ್ದಾರಾ ಅಂತ ಹೋಗಿ ನೋಡಿ. ಇಲ್ಲದಿದ್ದರೆ ತರಿಸಿ ಅಂತ ಪಟ್ಟು ಹಿಡಿಯಿರಿ. ಪ್ರಶಸ್ತಿ ಬಂದರೆ ಬರಲಿ, ಅದಕ್ಕಾಗಿ ನಾಲಗೆ ಮೆತ್ತಗೆ ಮಾಡಿಕೊಳ್ಳಬೇಡಿ.

ಮೇಷ್ಟ್ರುಗಳಿಗೆ ಒಂದು ಮಾತು. ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದುಕೊಂಡೇ ಆ ಸೀಮೆಯ ಬಡವರ ಬದುಕನ್ನು ಕನ್ನಡಕ್ಕೆ ತಂದರು. ನೀವೂ ಬರೆಯಬಹುದು. ಬರೆಯಲು ಪುರುಸೊತ್ತಿಲ್ಲ ಅಂದರೆ ಕೊನೆಯ ಬೆಂಚಿನ ಹುಡುಗಿಯ ನೋಟುಬುಕ್ಕಿನ ಹಿಂದಿನ ಪುಟ ತೆರೆದು ನೋಡಿ. ಅಲ್ಲಿ ಗೀಚಿದ ನಾಲ್ಕು ಸಾಲಿಗೆ ಕೆಂಪು ಗೆರೆ ಎಳೆಯುವ ಮೊದಲು, ಇದನ್ನು ಜೋರಾಗಿ ಓದವ್ವ, ಕೇಳೋಣ ಅನ್ನಿ.

ನೀಲಗಾರನ ತಂಬೂರಿಗೆ ಯಾರ ಪರವಾನಗಿಯೂ ಬೇಕಿರಲಿಲ್ಲ. ನಮ್ಮ ಲೇಖನಿಗೂ ಬೇಡ. ಬರೆಯಿರಿ, ನಾವು ಓದುತ್ತೇವೆ.