ಮೋಡವಿಲ್ಲದ ನೆರೆ: ಬಾಗಲಕೋಟೆ ಹೊಳೆಸಾಲಿನ ಎಚ್ಚರಿಕೆಯ ಇತಿಹಾಸ

ಬಾಗಲಕೋಟೆ ಸೀಮೆಗೆ ನೆರೆ ಎರಡು ಬಗೆಯಲ್ಲಿ ಬರುತ್ತದೆ. ಒಂದು, ತಲೆಯ ಮೇಲೆಯೇ ಸುರಿದ ಮಳೆಯಿಂದ. ಇನ್ನೊಂದು, ದೂರದ ಘಟ್ಟದಲ್ಲಿ ಸುರಿದ ಮಳೆ ಹೊಳೆಯಾಗಿ ಹರಿದು ಬಂದು. ಎರಡನೆಯದು ಬಂದ ದಿನ ಬಾದಾಮಿ, ಹುನಗುಂದದ ಬಾನಿನಲ್ಲಿ ಮೋಡದ ತುಣುಕೂ ಇರದಿರಬಹುದು. ಸಮುದ್ರದ ತಳದಲ್ಲೆಲ್ಲೋ ನೆಲ ನಡುಗಿ ಕರಾವಳಿಗೆ ಸುನಾಮಿ ಬರುವಂತೆ, ಇಲ್ಲಿಯೂ ಕಾರಣ ಕಣ್ಣಿಗೆ ಕಾಣದಷ್ಟು ದೂರದಲ್ಲಿರುತ್ತದೆ. ದೂರದ ಸುದ್ದಿಯನ್ನು ಹೊಳೆಗಿಂತ ಮೊದಲು ಊರಿಗೆ ಮುಟ್ಟಿಸಲು ನಡೆದ ಪ್ರಯತ್ನಗಳೇ ಈ ಸೀಮೆಯ ನೆರೆ ಎಚ್ಚರಿಕೆಯ ಇತಿಹಾಸ.

ಜಿಲ್ಲೆಯ ಮೂರು ಹೊಳೆಗಳಿಗೂ ತವರು ಪಶ್ಚಿಮಘಟ್ಟವೇ. ಕೃಷ್ಣೆ ಮಹಾಬಲೇಶ್ವರದಲ್ಲಿ, ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತವೆ. ಘಟಪ್ರಭೆ ಗೋಕಾಕದ ಜಲಪಾತವನ್ನು ದಾಟಿ ಮುಧೋಳ, ಬಾಗಲಕೋಟೆಗಳ ಕಡೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯೊಂದಿಗೆ ಕೂಡುತ್ತದೆ. ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬಾಗಲಕೋಟೆ ಜಿಲ್ಲೆಯ ಸರಾಸರಿ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಬರದ ನಾಡಿಗೆ ಮಲೆನಾಡಿನ ನೀರು ನುಗ್ಗುವುದು ಈ ಅಂತರದಿಂದಲೇ.

ಹೊಳೆಸಾಲಿನ ರೈತರು ಈ ಎರಡು ಬಗೆಯ ನೆರೆಯನ್ನೂ ಮಳೆನಕ್ಷತ್ರಗಳ ಲೆಕ್ಕದಲ್ಲಿ ಅರಿತಿದ್ದರು. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಘಟ್ಟದಲ್ಲಿ ಹಿಡಿದಾಗ, ಅಂದರೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ, ಹೊಳೆ ಏರುತ್ತದೆ. ಉತ್ತರೆ, ಹಸ್ತ, ಚಿತ್ತ ಮಳೆಗಳು ಊರಿನ ನೆತ್ತಿಯ ಮೇಲೆಯೇ ಸುರಿಯುತ್ತವೆ; ಆಗ ಹೊಳೆಗಿಂತ ಹಳ್ಳಗಳ ಭಯ ಹೆಚ್ಚು. ನೀರಿನ ಬಣ್ಣ ಕೆಂಪಾಗುವುದು, ನೊರೆ ಕಟ್ಟುವುದು, ಬೇರುಸಹಿತ ಗಿಡಮರ ತೇಲಿ ಬರುವುದು ಮೊದಲ ಸೂಚನೆಗಳು. ಹರಿಗೋಲು ಹಾಕುವ ಅಂಬಿಗರ ಕಣ್ಣಿಗೆ ಇವು ಎಲ್ಲರಿಗಿಂತ ಮೊದಲು ಬೀಳುತ್ತಿದ್ದವು. ನೀರು ಹೊಳೆದಂಡೆಯ ಗುಡಿಯ ಎಷ್ಟನೆಯ ಮೆಟ್ಟಿಲು ಮುಟ್ಟಿದೆ ಎಂಬುದೇ ಅಂದಿನ ಅಳತೆಗೋಲು.

ಕಂಡ ಸುದ್ದಿಯನ್ನು ಊರಿಗೆ ಮುಟ್ಟಿಸುತ್ತಿದ್ದುದು ಡಂಗುರ. ಊರ ಚಾಕರಿಯ ತಳವಾರ, ವಾಲೀಕಾರರು ಹಲಗೆ ಬಾರಿಸುವವರೊಡನೆ ಓಣಿ ಓಣಿ ತಿರುಗಿ ಸಾರುತ್ತಿದ್ದರು. ಡಂಗುರ ಕೇಳಿದೊಡನೆ ಮೊದಲು ದನಕರುಗಳ ಹಗ್ಗ ಬಿಚ್ಚುವುದು, ಆಮೇಲೆ ಮಕ್ಕಳು, ಮುದುಕರನ್ನು ದಿಬ್ಬಕ್ಕೆ ಸಾಗಿಸುವುದು, ಕೊನೆಗೆ ಕಾಳುಕಡಿಯನ್ನು ಎತ್ತುವುದು. ಕಾಳಿನದೇ ಕಷ್ಟದ ಕೆಲಸ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವುದು ಈ ಸೀಮೆಯ ಪದ್ಧತಿ. ಬರಗಾಲದಲ್ಲಿ ಜೀವ ಕಾಯ್ದ ಹಗೇವಿಗೆ ನೆರೆಯ ನೀರು ಹೊಕ್ಕರೆ ವರ್ಷದ ಅನ್ನವೇ ಹೋಗುತ್ತಿತ್ತು. ಮಣ್ಣಿನ ಮಾಳಿಗೆಯ ಮನೆಗಳೂ ಹಾಗೆಯೇ. ಬಿಸಿಲಿಗೆ ತಂಪಾದ ಆ ಗೋಡೆಗಳು ಎರಡು ದಿನ ನೀರಿನಲ್ಲಿ ನಿಂತರೆ ಕುಸಿಯುತ್ತವೆ. ಇಳಕಲ್ಲಿನ ಸೀರೆ ನೇಯುವ ಕುಣಿಮಗ್ಗಕ್ಕೆ ಹೊಳೆಯೇ ಬರಬೇಕಿಲ್ಲ; ನೇಕಾರರು ಕಾಲಿಳಿಬಿಟ್ಟು ಕೂರುವ ಕುಣಿಯಲ್ಲಿ ಮಳೆನೀರು ನಿಂತರೂ ನೇಯ್ಗೆ ನಿಲ್ಲುತ್ತದೆ.

ಎತ್ತರದ ನೆಲೆ ಈ ಸೀಮೆಗೆ ಹೊಸದಲ್ಲ. 543ರಲ್ಲಿ ಒಂದನೆಯ ಪುಲಕೇಶಿ ಬಾದಾಮಿಯ ಬಂಡೆಗಳ ಮೇಲೆ ಕೋಟೆ ಕಟ್ಟಿಸಿದ. ರಾಜಧಾನಿ ಮಲಪ್ರಭೆಯ ದಂಡೆಯಿಂದ ದೂರದಲ್ಲಿ ಬೆಳೆಯಿತು; ಬಂಡೆಗಳಿಂದ ಇಳಿದ ಮಳೆನೀರು ಅಗಸ್ತ್ಯತೀರ್ಥದಲ್ಲಿ ನಿಲ್ಲುತ್ತಿತ್ತು. ಚಾಲುಕ್ಯರ ಪಟ್ಟಾಭಿಷೇಕದ ಊರಾದ ಪಟ್ಟದಕಲ್ಲು ಮಾತ್ರ ಹೊಳೆಯ ಮಗ್ಗುಲಲ್ಲಿಯೇ ಇದೆ. ಮಲಪ್ರಭೆ ಉತ್ತರಕ್ಕೆ ತಿರುಗುವ ಆ ತಾಣ ಪವಿತ್ರವೆಂದು ಅಲ್ಲಿ ಗುಡಿಗಳೆದ್ದವು. ನೆರೆಯ ಅಪಾಯವೂ ಅವುಗಳ ಪಾಲಿಗೆ ಬಂತು.

ಇಪ್ಪತ್ತನೆಯ ಶತಮಾನದಲ್ಲಿ ಅಣೆಕಟ್ಟುಗಳು ಬಂದ ಮೇಲೆ ಹೊಳೆಯ ನಡೆ ಬದಲಾಯಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ, ಘಟಪ್ರಭೆಗೆ ಹಿಡಕಲ್ಲಿನಲ್ಲಿ 1970ರ ದಶಕದಲ್ಲಿ ಜಲಾಶಯಗಳು ಸಿದ್ಧವಾದವು. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು, ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಅಡಿಗಲ್ಲು ಹಾಕಿದರು. ಚಿಕ್ಕಪುಟ್ಟ ನೆರೆಗಳನ್ನು ಜಲಾಶಯಗಳು ತಡೆದವು. ಆದರೆ ಜಲಾಶಯ ತುಂಬಿ ಗೇಟು ತೆರೆದಾಗ ಬರುವ ನೀರಿಗೆ ಹಳೆಯ ಸೂಚನೆಗಳು ಸಾಲವು. ಸುದ್ದಿ ಈಗ ಅಂಬಿಗರ ಕಣ್ಣಿನ ಬದಲು ಕ್ಯುಸೆಕ್ ಲೆಕ್ಕದಲ್ಲಿ, ನೀರಾವರಿ ಕಚೇರಿಯಿಂದ ಬರತೊಡಗಿತು. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಆ ಅಂಕಿ ತನ್ನ ಊರಿನ ಎಷ್ಟನೆಯ ಮೆಟ್ಟಿಲಿಗೆ ಸಮ ಎಂದು ರೈತನಿಗೆ ಹೇಳುವವರು ಇಲ್ಲದಿದ್ದರೆ ಎಚ್ಚರಿಕೆ ಅರ್ಧದಲ್ಲೇ ನಿಲ್ಲುತ್ತದೆ.

ಆಲಮಟ್ಟಿ ಇನ್ನೊಂದು ದೊಡ್ಡ ಬದಲಾವಣೆ ತಂದಿತು. ಹಿನ್ನೀರಿಗೆ ನೂರಕ್ಕೂ ಹೆಚ್ಚು ಹಳ್ಳಿಗಳು ಸಿಕ್ಕವು. ಹಳೆಯ ಬಾಗಲಕೋಟೆಯ ಒಂದು ಭಾಗವೂ ಮುಳುಗಿತು. ಮುಳುಗಡೆ ನಗರಿ ಎಂಬ ಹೆಸರು ಊರಿಗೆ ಅಂಟಿತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ಎತ್ತರದ ನೆಲದಲ್ಲಿ ನವನಗರ ಎದ್ದಿತು. ಡಂಗುರ ಕೇಳಿ ಎರಡು ದಿನಕ್ಕೆ ದಿಬ್ಬ ಏರುತ್ತಿದ್ದ ಜನ ಈಗ ಶಾಶ್ವತವಾಗಿ ದಿಬ್ಬ ಏರಿದರು, ಹೊಲ, ಗುಡಿ, ನೆರೆಹೊರೆಗಳನ್ನು ಬೆಲೆಯಾಗಿ ತೆತ್ತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಕಾಯಲು ಸುತ್ತ ಬಾವಿಯಂಥ ಗೋಡೆ ಕಟ್ಟಲಾಯಿತು. ಈಗ ಭಕ್ತರು ಮೆಟ್ಟಿಲಿಳಿದು ಮಂಟಪವನ್ನು ತಲುಪುತ್ತಾರೆ.

2004ರ ಡಿಸೆಂಬರ್ 26ರ ಸುನಾಮಿ ಈ ಒಳನಾಡಿಗೂ ಒಂದು ಪರಿಣಾಮ ತಂದಿತು. ಅದರ ಮರುವರ್ಷ ಸಂಸತ್ತು ವಿಪತ್ತು ನಿರ್ವಹಣಾ ಕಾಯ್ದೆಯನ್ನು ಅಂಗೀಕರಿಸಿತು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಮುಂದಾಳುತನದ ಪ್ರಾಧಿಕಾರ ಇರಬೇಕೆಂದು ಅದು ವಿಧಿಸಿತು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಕಾರವಾರ, ಮಂಗಳೂರಿನ ಕಡಲಂಚಿಗೆ ಅದು ಕೊಡುವ ಸೂಚನೆಯ ತಿರುಳು ಹೊಳೆಸಾಲಿನದೇ: ಅಲೆ ನೋಡಲು ನಿಲ್ಲಬಾರದು, ಎತ್ತರಕ್ಕೆ ಹೋಗಬೇಕು, ಅಧಿಕೃತವಾಗಿ ಹೇಳುವವರೆಗೆ ಮರಳಬಾರದು. ಮೊದಲ ಅಲೆ ಹಿಂದೆ ಸರಿದರೂ ಅಪಾಯ ಮುಗಿಯುವುದಿಲ್ಲ. ಹೊಳೆ ಒಂದು ಗೇಣು ಇಳಿದರೂ ಮೇಲಿನ ಗೇಟು ಮತ್ತೆ ತೆರೆಯಬಹುದು.

ಹೊಸ ವ್ಯವಸ್ಥೆಯನ್ನು ಎರಡು ನೆರೆಗಳು ಪರೀಕ್ಷೆಗೆ ಒಡ್ಡಿದವು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಹಸ್ತ ಮಳೆಯಲ್ಲಿ, ಉತ್ತರ ಕರ್ನಾಟಕದ ಬಯಲಿನ ಮೇಲೆಯೇ ಆಕಾಶ ಕಳಚಿ ಬಿದ್ದಂತೆ ಸುರಿಯಿತು. ಬರದ ವರ್ಷವೆಂದು ಎಣಿಸಿದ್ದ ಆ ವರ್ಷ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಆ ಬಳಿಕ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಮನೆಗಳು ಎದ್ದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಅನೇಕರು ಹಳೆಯ ಊರಿನಲ್ಲೇ ಉಳಿದರು.

2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಯ ಹೊತ್ತಿಗೆ, ನೆರೆ ಘಟ್ಟದ ಕಡೆಯಿಂದ ಬಂತು. ಆಲಮಟ್ಟಿಯ ಹೊರಹರಿವು 5 ಲಕ್ಷ ಕ್ಯುಸೆಕ್ ದಾಟಿತು. ಮಹಾರಾಷ್ಟ್ರದ ಕೊಯ್ನಾದಿಂದ ನವಿಲುತೀರ್ಥದವರೆಗೆ ಜಲಾಶಯಗಳು ಒಟ್ಟಿಗೇ ತುಂಬಿದ್ದವು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಮಲಪ್ರಭೆ ನುಗ್ಗಿತು. ಕೊಣ್ಣೂರು, ಗೋವನಕೊಪ್ಪಗಳ ಬಳಿ ಹೆದ್ದಾರಿ ಸಂಪರ್ಕ ಕಡಿಯಿತು. ದಂಡೆಯ ಒತ್ತುವರಿ, ಜಾಲಿಕಂಟಿ ಮತ್ತು ಹೂಳಿನಿಂದ ಮಲಪ್ರಭೆಯ ಪಾತ್ರ ಕಿರಿದಾದದ್ದರಿಂದ, ಹಿಂದೆ ದಡದೊಳಗೆ ಹರಿಯುತ್ತಿದ್ದಷ್ಟು ನೀರೂ ಈಗ ಊರು ಹೊಗುತ್ತದೆ.

ಇಂದು ಕೇಂದ್ರ ಜಲ ಆಯೋಗ ಆಲಮಟ್ಟಿಯ ಒಳಹರಿವಿನ ಮುನ್ಸೂಚನೆ ಕೊಡುತ್ತದೆ. ಗೇಟು ತೆರೆಯುವ ಸುದ್ದಿ ಮೊಬೈಲಿಗೆ ಬರುತ್ತದೆ. ಹಳ್ಳಿಗಳಲ್ಲಿ ಡಂಗುರವೂ ನಿಂತಿಲ್ಲ. ಆಲಮಟ್ಟಿಯಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದೆ. ಮಟ್ಟ ಏರಿದರೆ ಇನ್ನೂ 20 ಹಳ್ಳಿಗಳು ದಿಬ್ಬ ಏರಬೇಕಾಗುತ್ತದೆ. ಸುದ್ದಿ ಮುಟ್ಟಿಸುವ ಕೆಲಸವನ್ನು ಈ ಸೀಮೆ ಬಹುಮಟ್ಟಿಗೆ ಗೆದ್ದಿದೆ. ಉಳಿದಿರುವುದು ಎರಡು ಕೆಲಸ: ಹೊಲಕ್ಕೆ ಹತ್ತಿರವಾಗಿ, ದನಕ್ಕೂ ನೆರಳಿರುವಂತೆ ದಿಬ್ಬದ ಊರುಗಳನ್ನು ಕಟ್ಟುವುದು ಸರ್ಕಾರದ್ದು, ಡಂಗುರ ಕೇಳಿದ ಗಳಿಗೆಯಲ್ಲೇ, ಬಾನು ತಿಳಿಯಾಗಿದ್ದರೂ, ಮನೆ ಬಿಟ್ಟು ಏರುವುದು ಹೊಳೆಸಾಲಿನವರದ್ದು.