ಮಡಕೆಯಿಂದ ಮರದ ಪೆಟ್ಟಿಗೆಗೆ: ನಮ್ಮ ಮನೆಗಳಿಗೆ ಸ್ಪೀಕರ್ ಬಂದ ಕಥೆ

"ಮೇಷ್ಟ್ರೇ, ಮನೇಲಿ ಒಂದು ಆಂಪ್ಲಿಫೈಯರ್ ಇದೆ, ಅದಕ್ಕೆ ಕಮ್ಮಿ ದುಡ್ಡಲ್ಲಿ ಒಂದು ಜೊತೆ ಸಣ್ಣ ಸ್ಪೀಕರ್ ತಗೋಬೇಕು, ಎಷ್ಟು ವ್ಯಾಟ್ಸಿಂದು ತಗೊಳ್ಳಲಿ?" ಎಂದು ನಮ್ಮ ಜೂಜುವಾಡಿಯಲ್ಲಿ ಆಗಾಗ ಕೇಳುವವರುಂಟು. ಕನ್ನಡ ಪಾಠ ಹೇಳುವವರಿಗೂ ಸ್ಪೀಕರಿಗೂ ಏನು ಸಂಬಂಧ ಎನ್ನಬೇಡಿ. ಗಡಿಯ ಈಚೆ ಉಳಿದ ನಮ್ಮಂಥವರ ಮನೆಗಳಿಗೆ ಕನ್ನಡ ಪುಸ್ತಕದಿಂದ ಬಂದದ್ದಕ್ಕಿಂತ ಕಿವಿಯಿಂದ ಬಂದದ್ದೇ ಹೆಚ್ಚು. ಆ ಕನ್ನಡವನ್ನು ಕಿವಿಗೆ ಮುಟ್ಟಿಸಿದ ಪೆಟ್ಟಿಗೆಗಳ ಚರಿತ್ರೆ ಗೊತ್ತಿದ್ದರೆ ಯಾವುದನ್ನು ಕೊಳ್ಳಬೇಕು ಎಂಬುದು ಅರ್ಧ ತಾನೇ ತಿಳಿಯುತ್ತದೆ. ಆದ್ದರಿಂದ ವ್ಯಾಟ್ಸಿನ ಮಾತು ಆಮೇಲೆ, ಮೊದಲು ಇತಿಹಾಸ.

ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದು 1935ರಲ್ಲಿ. ಅದೇ ಮುಂದೆ 'ಆಕಾಶವಾಣಿ' ಎಂದು ಹೆಸರಾಯಿತು. ಬೆಂಗಳೂರು ನಿಲಯ ಆರಂಭವಾದದ್ದು 1955ರ ನವೆಂಬರ್ 2ರಂದು. ಸರಿಯಾಗಿ ಒಂದು ವರ್ಷಕ್ಕೆ, 1956ರ ನವೆಂಬರ್ 1ರಂದು, ಭಾಷಾವಾರು ಪ್ರಾಂತ್ಯಗಳಾದವು. ಹೊಸೂರು ಸೀಮೆ ಮದ್ರಾಸು ರಾಜ್ಯದ ಸೇಲಂ ಜಿಲ್ಲೆಯಲ್ಲೇ ಉಳಿಯಿತು. (ಆಮೇಲೆ 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ನಾವು ಇದ್ದಲ್ಲೇ ಇದ್ದೇವೆ, ಜಿಲ್ಲೆಗಳು ಮಾತ್ರ ಬದಲಾಗುತ್ತಿವೆ!) ಆದರೆ ಬೆಂಗಳೂರಿನ ಮಧ್ಯಮ ತರಂಗಕ್ಕೆ ಅತ್ತಿಬೆಲೆಯ ಚೆಕ್‌ಪೋಸ್ಟಿನ ಹಂಗಿರಲಿಲ್ಲ. 612 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿದರೆ ಪ್ರದೇಶ ಸಮಾಚಾರ, ಕೃಷಿರಂಗ, ನಾಟಕ ಎಲ್ಲವೂ ನಮ್ಮ ನಡುಮನೆಗೇ ಬರುತ್ತಿದ್ದವು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಾಗಿದ್ದ ಕಾಲ ಅದು.

ಆ ರೇಡಿಯೋದಲ್ಲಿ ಮರದ ಪೆಟ್ಟಿಗೆ ಒಂದು, ಸ್ಪೀಕರ್ ಒಂದು. ಮಧ್ಯಮ ತರಂಗದಲ್ಲಿ ಹೆಚ್ಚೆಂದರೆ 4,500-5,000 ಹರ್ಟ್ಸ್‌ವರೆಗಿನ ಸದ್ದು ಮಾತ್ರ ದಾಟಿ ಬರುತ್ತದೆ. ನಮ್ಮ 'ಸ'ಕಾರದ ಸದ್ದಿನ ಬಲವೆಲ್ಲ ಇರುವುದು ಅದಕ್ಕಿಂತ ಮೇಲೆ. ಅಂದರೆ ಹಳೆಯ ರೇಡಿಯೋದಲ್ಲಿ ಸಕಾರ ಶಕಾರಗಳ ವ್ಯತ್ಯಾಸವನ್ನು ಅರ್ಧ ಕಿವಿ ಕೇಳುತ್ತಿತ್ತು, ಇನ್ನರ್ಧ ಮನಸ್ಸು ತುಂಬಿಸಿಕೊಳ್ಳುತ್ತಿತ್ತು. ಭಾಷೆ ಬಲ್ಲ ಹಿರಿಯರಿಗೆ ಅದರಿಂದ ತೊಂದರೆ ಇಲ್ಲ. ಕೇಳಿಯೇ ಕಲಿಯಬೇಕಾದ, ಬೀದಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತೆಲುಗು ಕೇಳುವ ನಮ್ಮ ಊರಿನ ಮಕ್ಕಳಿಗೆ ತೊಂದರೆ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಸ್ಪೀಕರಿನ ವಿಚಾರ. ಕಾಗದದ ಶಂಕು, ಅದರ ಬುಡಕ್ಕೆ ತಾಮ್ರದ ತಂತಿಯ ಸುರುಳಿ, ಹಿಂದೆ ಅಯಸ್ಕಾಂತ. ಈ ರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲ್ಲಾಗ್ ಎಂಬ ಇಬ್ಬರು ಇಂಜಿನಿಯರುಗಳು 1925ರಲ್ಲಿ ಪ್ರಕಟಿಸಿದರು. ಸುಮಾರು ನೂರು ವರ್ಷವಾದರೂ ಇಂದಿಗೂ ಹೆಚ್ಚಿನ ಸ್ಪೀಕರುಗಳು ಅದೇ ತತ್ವದವು. ಆದರೆ ಅದರಲ್ಲೊಂದು ಹುಟ್ಟುಗುಣವಿದೆ. ಶಂಕು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಎರಡೂ ಅಲೆಗಳು ಅಂಚು ಬಳಸಿ ಬಂದು ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಮುಖ್ಯವಾಗಿ ಕೆಳಗಿನ ಸ್ವರಗಳು ಸತ್ತೇ ಹೋಗುತ್ತವೆ. ಬರೀ ಸ್ಪೀಕರನ್ನು ಮೊಳೆಗೆ ನೇತುಹಾಕಿದರೆ ತಗಡಿನ ಡಬ್ಬದಂತೆ ಕೇಳುವುದು ಇದಕ್ಕೇ.

ಇದಕ್ಕೆ ನಮ್ಮ ಕಡೆಯ ಸೈಕಲ್ ಶಾಪಿನವರೂ ಟೀ ಅಂಗಡಿಯವರೂ ಕಂಡುಕೊಂಡಿದ್ದ ಉಪಾಯ ಮಡಕೆ! ನಲವತ್ತು ದಾಟಿದವರೆಲ್ಲ ನೋಡಿರುತ್ತೀರಿ. ಕುಂಬಾರರ ಮಡಕೆಯ ಬಾಯಿಗೆ ಆರಿಂಚಿನ ಸ್ಪೀಕರನ್ನು ಮೇಲ್ಮುಖವಾಗಿ ಕೂರಿಸಿ, ತಂತಿಯನ್ನು ಸಂದಿಯಿಂದ ಎಳೆದು, ಅಂಗಡಿಯ ಮೂಲೆಯಲ್ಲಿ ಇಟ್ಟರೆ ಮುಗಿಯಿತು. ಹಿಂದಿನ ಅಲೆ ಮಡಕೆಯೊಳಗೇ ಬಂದಿಯಾಗಿ ಮುಂದಿನ ಅಲೆ ಉಳಿಯುತ್ತದೆ. ದುಂಡಗಿನ ಸುಟ್ಟ ಮಣ್ಣಿನ ಗೋಡೆ ತೆಳು ಹಲಗೆಯಂತೆ ಗಡಗಡ ನಡುಗುವುದೂ ಇಲ್ಲ. ದೊಡ್ಡ ಇಂಜಿನಿಯರುಗಳು ಲೆಕ್ಕ ಹಾಕಿ ಮಾಡಿದ್ದನ್ನು ನಮ್ಮವರು ಕಿವಿಯಿಂದ ಮಾಡಿದ್ದರು ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಮಡಕೆಗೆ ಒಂದು ದೋಷವಿತ್ತು. ಟೊಳ್ಳಾದ ಪಾತ್ರೆ ಯಾವುದಕ್ಕೇ ಆಗಲಿ ತನ್ನದೇ ಒಂದು ಸ್ವರ ಇರುತ್ತದೆ. ಇದನ್ನು 19ನೇ ಶತಮಾನದಲ್ಲೇ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದ್ದ. ಖಾಲಿ ಬಿಂದಿಗೆಯ ಬಾಯಿಗೆ ಊದಿದರೆ ಬರುತ್ತದಲ್ಲ, ಅದೇ ಸ್ವರ. ಮಡಕೆಯ ಸ್ಪೀಕರಿನಲ್ಲಿ ಯಾವ ಹಾಡು ಹಾಕಿದರೂ ಆ ಒಂದು 'ಗುಂ' ಸೇರಿಕೊಳ್ಳುತ್ತಿತ್ತು. ಪೆಟ್ಟಿಗೆಗೆ ಲೆಕ್ಕವಿಟ್ಟು ಒಂದು ತೂತು ಕೊಟ್ಟು ಇದೇ ಗುಣವನ್ನು ಉಪಯೋಗಕ್ಕೆ ತಂದವರು ಅಮೆರಿಕದ ಬೆಲ್ ಲ್ಯಾಬೊರೇಟರಿಯ ಥುರಾಸ್. ಅದರ ಪೇಟೆಂಟ್ 1932ರದ್ದು. ಇಂದಿನ ಸಣ್ಣ ಪೆಟ್ಟಿಗೆಗಳ ಹಿಂದೆಯೋ ಮುಂದೆಯೋ ಕಾಣುವ ಕೊಳವೆ ಅದೇ. ಲೆಕ್ಕ ಸರಿಯಿದ್ದರೆ ತಮಟೆಯೂ ಮೃದಂಗವೂ ಬೇರೆ ಬೇರೆಯಾಗಿ ಕೇಳುತ್ತವೆ, ತಪ್ಪಿದ್ದರೆ ಮತ್ತೆ ಮಡಕೆಯೇ. ಅಂಗಡಿಯಲ್ಲಿ ಮೂರು ಬೇರೆ ಬೇರೆ ಹಾಡು ಹಾಕಿಸಿ ಕೇಳಿ. ಮೂರರಲ್ಲೂ ಅದೇ 'ಗುಂ' ಬಂದರೆ ಹಾಡುತ್ತಿರುವುದು ಗಾಯಕನಲ್ಲ, ಪೆಟ್ಟಿಗೆ!

ಹಾಗಾದರೆ 'ಪುಸ್ತಕದ ಕಪಾಟಿನ ಸ್ಪೀಕರ್' ಎಂಬ ಹೆಸರು ಎಲ್ಲಿಂದ ಬಂತು? 1950ರ ದಶಕದಲ್ಲಿ ಒಳ್ಳೆಯ ಸ್ಪೀಕರ್ ಎಂದರೆ ಬೀರುವಿನಷ್ಟು ದೊಡ್ಡದು. ಅಮೆರಿಕದಲ್ಲಿ ಎಡ್ಗರ್ ವಿಲ್ಚರ್ ಎಂಬ ಮೇಷ್ಟ್ರು (ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿಯ ಬಗ್ಗೆ ಪಾಠ ಹೇಳುತ್ತಿದ್ದವರು) ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಬಹುದು ಎಂದು ತೋರಿಸಿದರು. ಪೆಟ್ಟಿಗೆ ಚಿಕ್ಕದಾಯಿತು. 1954ರಲ್ಲಿ ತಮ್ಮ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಸೇರಿ ಕಂಪನಿಯನ್ನೇ ತೆರೆದರು. ಗುರುಶಿಷ್ಯರ ಈ ಜೋಡಿ ನಮಗೆ ಬಹಳ ಇಷ್ಟ. 1958ರ ಹೊತ್ತಿಗೆ ಸ್ಟೀರಿಯೋ ರೆಕಾರ್ಡುಗಳು ಮಾರುಕಟ್ಟೆಗೆ ಬಂದವು. ಒಂದರ ಜಾಗಕ್ಕೆ ಎರಡು ಸ್ಪೀಕರ್ ಬೇಕಾದವು. ಎರಡೆರಡು ಬೀರುಗಳನ್ನು ಯಾರು ತಾನೇ ನಡುಮನೆಯಲ್ಲಿ ಇಟ್ಟುಕೊಂಡಾರು? ಸಣ್ಣ ಪೆಟ್ಟಿಗೆಗೆ ಕಾಲ ಕೂಡಿಬಂತು.

ಇಂಗ್ಲೆಂಡಿನ ಬಿ.ಬಿ.ಸಿ.ಯವರದ್ದು ಇನ್ನೊಂದು ದಾರಿ. ಹೊರಾಂಗಣ ಪ್ರಸಾರದ ಇಕ್ಕಟ್ಟಾದ ವ್ಯಾನಿನೊಳಗೆ ಇಡಲು ಅವರಿಗೆ ಪುಟ್ಟ ಸ್ಪೀಕರ್ ಬೇಕಿತ್ತು. 1970ರ ದಶಕದಲ್ಲಿ 'ಎಲ್.ಎಸ್. 3/5ಎ' ಎಂಬುದನ್ನು ಮಾಡಿದರು. ಎತ್ತರ ಒಂದು ಅಡಿ, ಐದಿಂಚಿನ ಶಂಕು, ಅಷ್ಟೇ. ವಿಶೇಷವೆಂದರೆ ಬಿ.ಬಿ.ಸಿ.ಯ ಇಂಜಿನಿಯರುಗಳು ಸ್ಪೀಕರನ್ನು ಅಳೆಯಲು ಯಂತ್ರದ ಜೊತೆಗೆ ಮನುಷ್ಯನ ಮಾತನ್ನೂ ಬಳಸುತ್ತಿದ್ದರು. ಪರಿಚಿತರೊಬ್ಬರ ಮಾತನ್ನು ಧ್ವನಿಮುದ್ರಿಸಿ, ಅದೇ ವ್ಯಕ್ತಿ ಮಾತಾಡುವುದಕ್ಕೂ ಸ್ಪೀಕರ್ ಮಾತಾಡುವುದಕ್ಕೂ ಹೋಲಿಸುವುದು. ಸಂಗೀತದಲ್ಲಿ ಮುಚ್ಚಿಹೋಗುವ ತಪ್ಪು ಮಾತಿನಲ್ಲಿ ಮುಚ್ಚಿಹೋಗದು. ನಮ್ಮ ತಿಳುವಳಿಕೆಯಲ್ಲಿ ಸ್ಪೀಕರ್ ಕೊಳ್ಳುವ ಸೂತ್ರವೆಲ್ಲ ಇಷ್ಟರಲ್ಲೇ ಇದೆ. 1980ರ ದಶಕದ ಆರಂಭದಲ್ಲಿ ಅಲ್ಲಿನದೇ ವಾರ್ಫ್‌ಡೇಲ್ ಕಂಪನಿ 'ಡೈಮಂಡ್' ಎಂಬ ಅಗ್ಗದ ಪುಟ್ಟ ಪೆಟ್ಟಿಗೆ ತಂದ ಮೇಲೆ ಸಾಮಾನ್ಯರಿಗೂ ಇಂಥದ್ದು ಕೈಗೆಟುಕಿತು. ಅಲ್ಲಿನ ಸಾಮಾನ್ಯರಿಗೆ, ನಮಗಲ್ಲ!

ನಮ್ಮಲ್ಲಿ ಆಗ ಕ್ಯಾಸೆಟ್ಟಿನ ಕಾಲ. ಸಿಪ್ಕಾಟ್ ಬಂದು, ಟಿ.ವಿ.ಎಸ್., ಅಶೋಕ್ ಲೇಲ್ಯಾಂಡ್, ಟೈಟಾನ್ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕವರು ಬೋನಸ್ಸಿನಲ್ಲಿ ಮೊದಲು ಕೊಳ್ಳುತ್ತಿದ್ದದ್ದು ಟೂ-ಇನ್-ಒನ್. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಧ್ವನಿಸುರುಳಿಯಾಗಿ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ನಮ್ಮ ಸೀಮೆಯನ್ನು ಹಿಡಿದದ್ದು ಗುರುರಾಜುಲು ನಾಯ್ಡು ಅವರ ಹರಿಕಥೆಗಳು. ಅವರ 'ನಲ್ಲತಂಗಾ' ಕಥೆ ತಮಿಳು ನಾಡಿನದು, ಹೇಳಿದ್ದು ಕನ್ನಡದಲ್ಲಿ. ಗಡಿಯವರಿಗೆ ಇದಕ್ಕಿಂತ ಇನ್ನೇನು ಬೇಕು? ಆ ಕ್ಯಾಸೆಟ್ಟುಗಳಲ್ಲಿ ಒಬ್ಬರೇ ರಾಜನಾಗಿ, ಮುದುಕಿಯಾಗಿ, ಅಳುವ ಮಗುವಾಗಿ ದನಿ ಬದಲಿಸುವುದು ಕೇಳಿದವರಿಗೆ ಗೊತ್ತು. ಆ ದನಿಗಳೆಲ್ಲ ಬೇರೆ ಬೇರೆ ಕೇಳಿದರೆ ಸ್ಪೀಕರ್ ಪಾಸು!

1990ರ ದಶಕದಲ್ಲಿ ಬಂದದ್ದು ಪಿ.ಎಂ.ಪಿ.ಒ. ಎಂಬ ಮಾಯೆ. ಅಂಗೈ ಅಗಲದ ಸ್ಪೀಕರಿನ ಮೇಲೆ 'ಸಾವಿರ ವ್ಯಾಟ್ಸ್' ಎಂಬ ಚೀಟಿ! ಅದಕ್ಕೆ ಯಾವ ಒಪ್ಪಿತ ಅಳತೆಯೂ ಇರಲಿಲ್ಲ, ಬರೆದವರದೇ ಲೆಕ್ಕ. ವ್ಯಾಟ್ಸ್ ಎಷ್ಟು ಎಂದು ಮೊದಲು ಕೇಳುವ ಚಾಳಿ ನಮಗೆ ಅಂಟಿದ್ದು ಆಗಲೇ. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಶುರುವಾಯಿತು, ಆಕಾಶವಾಣಿಯ ಎಫ್.ಎಂ. ಕೂಡ ಇತ್ತು. ಎಫ್.ಎಂ.ನಲ್ಲಿ 15,000 ಹರ್ಟ್ಸ್‌ವರೆಗೆ ಸದ್ದು ಬರುತ್ತದೆ. ಸಕಾರ ಪೂರ್ತಿಯಾಗಿ ಗಡಿ ದಾಟಿತು, ಆದರೆ ಅದನ್ನು ಕೇಳಿಸುವ ಸ್ಪೀಕರ್ ಬಹಳ ಮನೆಗಳಲ್ಲಿ ಇರಲಿಲ್ಲ.

ಈಗ ಕೊಳ್ಳುವ ಮಾತಿಗೆ ಬರೋಣ. ಸಾಧಾರಣ ಸಂಭಾಷಣೆ 60 ಡೆಸಿಬೆಲ್ ಆಸುಪಾಸು. ಇವತ್ತಿನ ಸಣ್ಣ ಸ್ಪೀಕರುಗಳು ಒಂದೇ ವ್ಯಾಟ್‌ಗೆ, ಒಂದು ಮೀಟರ್ ದೂರದಲ್ಲಿ, 84ರಿಂದ 88 ಡೆಸಿಬೆಲ್ ಕೊಡುತ್ತವೆ. ಇದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಇದರಲ್ಲಿ ಮೂರು ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ವ್ಯಾಟ್ಸೇ ಸಾಕು. ಹತ್ತು ಹನ್ನೆರಡು ಅಡಿಯ ನಮ್ಮ ಕೋಣೆಗಳಿಗೆ ಆರ್.ಎಂ.ಎಸ್. ಲೆಕ್ಕದ 20-30 ವ್ಯಾಟ್ಸ್ ಧಾರಾಳ. ಆಂಪ್ಲಿಫೈಯರಿನ ಹಿಂದೆ ಎಷ್ಟು ಓಮ್ ಎಂದು ಬರೆದಿದೆಯೋ ಅದಕ್ಕಿಂತ ಕಡಿಮೆ ಓಮಿನ ಸ್ಪೀಕರ್ ಹಾಕಬೇಡಿ, ಆಂಪ್ಲಿಫೈಯರ್ ಬಿಸಿಯಾಗಿ ಕೆಡುತ್ತದೆ. ಆಂಪ್ಲಿಫೈಯರೇ ಇಲ್ಲದವರು ಅದು ಒಳಗೇ ಇರುವ ಜೋಡಿಯನ್ನು ಕೊಂಡರೆ ದುಡ್ಡು ಉಳಿಯುತ್ತದೆ. ಶಂಕು ನಾಲ್ಕರಿಂದ ಐದೂವರೆ ಇಂಚು ಸಾಕು. ಗಂಡು ದನಿಯ ಮೂಲ ಸ್ವರ 100 ಹರ್ಟ್ಸ್ ಸುಮಾರಿನದು, ಅದನ್ನು ಇದು ಸುಲಭವಾಗಿ ಮುಟ್ಟುತ್ತದೆ. ತಮಟೆಯ ಏಟು ಎದೆಗೆ ತಾಗಬೇಕು ಎನ್ನುವವರಿಗೆ ಇದು ಹಿಡಿಸದು, ಅವರು ದೊಡ್ಡದನ್ನೇ ನೋಡಲಿ.

ಹೆಸರು ಕಪಾಟಿನದಾದರೂ ಕಪಾಟಿನಲ್ಲಿ ಇಡಬೇಡಿ. ನಮ್ಮ ಮನೆಗಳ ಗೋಡೆಯ ಗೂಡಿನಲ್ಲಿ, ಶೋಕೇಸಿನಲ್ಲಿ ಇಟ್ಟರೆ ಮತ್ತೆ ಮಡಕೆಯ 'ಗುಂ'. ಸಣ್ಣ ತುತ್ತೂರಿ ಸ್ಪೀಕರ್ (ಟ್ವೀಟರ್) ಕೂತವರ ಕಿವಿಯ ಎತ್ತರಕ್ಕಿರಲಿ, ಗೋಡೆಗೆ ಒಂದಡಿಯಾದರೂ ದೂರವಿರಲಿ. ಜಾಗವಿಲ್ಲದಿದ್ದರೆ ಹಿಂದಿನ ಕೊಳವೆಗೆ ಹಳೆಯ ಕಾಲುಚೀಲ ತುರುಕಿ ನೋಡಿ, ನಗಬೇಡಿ, ಕೆಲಸ ಮಾಡುತ್ತದೆ. ಟೈಲ್ಸ್ ನೆಲ, ಬರಿಯ ಗೋಡೆ, ಮೇಲೆ ಮೋಲ್ಡು ಇರುವ ಕೋಣೆಯಲ್ಲಿ ಒಂದು ಚಾಪೆಯೋ ಜಮಖಾನವೋ ಹಾಸಿದರೆ ಮಾತು ಎಷ್ಟೋ ಬಿಡಿಸಿ ಕೇಳುತ್ತದೆ. ತಂತಿಗೆ ಸಾವಿರಾರು ರೂಪಾಯಿ ಸುರಿಯುವುದು ದಂಡ, ಮನೆ ವೈರಿಂಗಿನ ತಾಮ್ರದ ತಂತಿ ಸಾಕು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸುವುದನ್ನು ಮಾತ್ರ ಮರೆಯಬೇಡಿ. ಒಂದು ತಿರುಗುಮುರುಗಾದರೆ ದನಿ ಎರಡು ಸ್ಪೀಕರುಗಳ ನಡುವೆ ನಿಲ್ಲದೆ ಕೋಣೆಯೆಲ್ಲ ಚದುರಿಹೋಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು, ಹೊಸೂರಿನಲ್ಲೇ ಕೊಳ್ಳುವವರು, ಯಾರೇ ಆಗಲಿ ನಿಮ್ಮ ಮನೆಯವರು ಮಾತಾಡಿದ್ದನ್ನೇ ಮೊಬೈಲಿನಲ್ಲಿ ಮುದ್ರಿಸಿಕೊಂಡು ಹೋಗಿ. 'ಹಾಲು-ಆಲು', 'ಹಳೆ-ಅಲೆ', 'ಸಾಲು-ಶಾಲು', 'ಕರ-ಖರ' ಎಂದು ನಿಧಾನವಾಗಿ ಹೇಳಿಸಿ. ಸದ್ದು ಕಡಿಮೆ ಇಟ್ಟು, ಕಣ್ಣು ಮುಚ್ಚಿಕೊಂಡು ಕೇಳಿ. ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಕಿವಿ ನಮ್ಮದಕ್ಕಿಂತ ಚುರುಕು. ಕೇಳಿದ ಪದವನ್ನು ಅವರು ಕಾಗದದ ಮೇಲೆ ಬರೆಯಲಿ. ಯಾವ ಜೋಡಿಯಲ್ಲಿ ತಪ್ಪು ಕಡಿಮೆಯೋ ಅದಕ್ಕೆ ಬಿಲ್ಲು ಹಾಕಿಸಿ.